ಹಂಪಿಯಲ್ಲಿ ಹರಿಗೋಲು ಹತ್ತುವ ಮುಂಚೆ

ಹಂಪಿ ಕಡೆ ಹೊರಟಿರುವವರಿಗೆ ಒಂದೆರಡು ಮಾತು. ಹರಿಗೋಲಿನವರ ಹತ್ತಿರ ರೇಟು ಕೇಳುವಾಗ ತಲೆಗೆ ಎಷ್ಟು, ಇಡೀ ಹರಿಗೋಲಿಗೆ ಎಷ್ಟು ಅಂತ ಬಿಡಿಸಿ ಕೇಳಿ. ಬರೀ ಆಚೆ ದಡಕ್ಕಾ, ಇಲ್ಲಾ ಸುತ್ತಿಸಿ ವಾಪಸ್ ಬಿಡುತ್ತಾರಾ ಅನ್ನುವುದೂ ಮೊದಲೇ ಗೊತ್ತಿರಲಿ. ನಾನು ಕೇಳದೆ ಹತ್ತಿ, ಇಳಿದ ಮೇಲೆ ಜಗಳ ಆಡಿದ್ದೇನೆ!

ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆಯ ರೂಪವೇ ಬೇರೆ. ವಿಠ್ಠಲ ದೇವಸ್ಥಾನದ ಹತ್ತಿರದ ಪುರಂದರ ಮಂಟಪ ಮುಳುಗಿದ್ದರೆ ಹರಿಗೋಲಿನ ಆಸೆ ಬಿಡಿ. ಯಾರಾದರೂ ಜಾಸ್ತಿ ದುಡ್ಡಿಗೆ ಒಪ್ಪಿದರೂ ಬೇಡ. ಹಂಪಿ ಹತ್ತಿರದ ಸಾಣಾಪುರ ಕೆರೆಯ ನೀರಿಗೆ ಹೊಳೆಯಷ್ಟು ಸೆಳೆತ ಇರುವುದಿಲ್ಲ, ಮಕ್ಕಳಿದ್ದರೆ ಅಲ್ಲಿಗೇ ಹೋಗಿ. ಆದರೆ ಅಲ್ಲೂ ಈಜಲು ಇಳಿಯಬೇಡಿ.

ಲೈಫ್ ಜಾಕೆಟ್ ಸುಮ್ನೆ ಹೆಗಲಿಗೆ ಹಾಕಿದರೆ ಆಗಲ್ಲ, ಬಕಲ್ ಬಿಗಿಯಬೇಕು. ಮಕ್ಕಳ ಅಳತೆಯದು ಇಲ್ಲದಿದ್ದರೆ ಹತ್ತಿಸಬೇಡಿ. ಹರಿಗೋಲು ಬುಟ್ಟಿಯಂತೆ ದುಂಡಗೆ, ಎಲ್ಲರೂ ಒಂದೇ ಕಡೆ ವಾಲಿದರೆ ಮಗುಚುತ್ತದೆ. ಸೆಲ್ಫಿಗೆ ಎದ್ದು ನಿಲ್ಲುವವರನ್ನು ಗದರಿಸಿ ಕೂರಿಸಿ.

ನಡುನೀರಲ್ಲಿ ಗಿರಗಿರ ತಿರುಗಿಸುವುದು ಹರಿಗೋಲಿನವರ ಖುಷಿ. ತಲೆಸುತ್ತು ಬರುವವರು ಹತ್ತುವಾಗಲೇ "ತಿರುಗಿಸಬೇಡಿ ಅಣ್ಣಾ" ಅಂದುಬಿಡಿ. ಅದರಲ್ಲೂ ಹೊಟ್ಟೆ ತುಂಬ ಊಟ ಮಾಡಿದ್ದರೆ.