ಹದಿನೈದು ಮೀಟರ್ ವೈರು, ಇಪ್ಪತ್ತು ರೂಪಾಯಿ ಐಸಿ: ಬಫರ್ ಕಟ್ಟಿದ ನನ್ನ ಅನುಭವ

"ಇಪ್ಪತ್ತು ರೂಪಾಯಿ ಐಸಿ ಹಾಕಿ ಅಷ್ಟು ಒಳ್ಳೇ ಗಿಟಾರಿನ ಟೋನ್ ಕೆಡಿಸ್ಕೋತೀಯಲ್ಲೋ" ಅಂತ ನಮ್ಮ ಮೇಷ್ಟ್ರು ಬೈದು ಮೂರು ವರ್ಷವಾಯಿತು. ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ಮೇಲೆ ಅದೇ ಮೇಷ್ಟ್ರು ಸ್ಟೇಜಿನ ಹಿಂದೆ ಬಂದು, "ನಂಗೂ ಒಂದು ಮಾಡ್ಕೊಡಪ್ಪ" ಅಂದರು. ಅವರು ಕೇಳಿದ್ದು ಬಫರ್, ಅಂದರೆ ಗಿಟಾರಿನ ಸಣ್ಣ ಸಿಗ್ನಲ್ಲು ಉದ್ದ ವೈರಿನಲ್ಲಿ ಮಂಕಾಗದಂತೆ ಕಾಯುವ ಪುಟ್ಟ ಸರ್ಕ್ಯೂಟು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಆರ್ಕೆಸ್ಟ್ರಾದಲ್ಲಿ ನುಡಿಸುವವನು. ಗಣೇಶನ ಹಬ್ಬದಿಂದ ನವೆಂಬರ್ ಮುಗಿಯುವವರೆಗೆ ವಾರಕ್ಕೆ ಮೂರು ನಾಲ್ಕು ಸ್ಟೇಜು. ಹಾಡುವವರು ಮುಂದೆ, ಡ್ರಮ್ಸು ಹಿಂದೆ, ಗಿಟಾರಿನವನು ಯಾವುದೋ ಮೂಲೆಯಲ್ಲಿ. ಆಂಪು ಎಲ್ಲಿಡಬೇಕು ಅನ್ನೋದನ್ನ ಸೌಂಡಿನವರು ತೀರ್ಮಾನಿಸುತ್ತಾರೆ. ಗಿಟಾರಿನಿಂದ ಪೆಡಲ್ ಬೋರ್ಡಿಗೆ (ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಡಬ್ಬಗಳ ಹಲಗೆ) 6 ಮೀಟರ್, ಅಲ್ಲಿಂದ ಆಂಪಿಗೆ 9 ಮೀಟರ್. ಮಧ್ಯೆ ಏಳು ಪೆಡಲ್ಲು, ಅವುಗಳ ನಡುವಿನ ತುಂಡು ವೈರುಗಳು. ಮನೆಯಲ್ಲಿ ಗಂಟೆ ಬಾರಿಸಿದ ಹಾಗಿದ್ದ ಸೌಂಡು ಸ್ಟೇಜಿಗೆ ಬಂದರೆ ಕಂಬಳಿ ಹೊದ್ದ ಹಾಗೆ. ಟ್ರೆಬಲ್ ಪೂರ್ತಿ ತಿರುಗಿಸಿದರೆ ಸೀರಿಯಲ್ ಸೆಟ್ಟಿನ ಕೊರಕೊರ ಜಾಸ್ತಿಯಾಗುತ್ತಿತ್ತೇ ಹೊರತು ತಂತಿಯ ಸದ್ದು ಬರುತ್ತಿರಲಿಲ್ಲ.

ಮೊದಲು ದುಡ್ಡು ಸುರಿದದ್ದು ವೈರಿಗೆ. ಹೊರದೇಶದ ದುಬಾರಿ ಕೇಬಲ್ ಎರಡು, ಒಟ್ಟು ಐದು ಸಾವಿರದ ಹತ್ತಿರ ಆಯಿತು. ಸ್ವಲ್ಪ ವಾಸಿ, ಅಷ್ಟೇ. ಆಮೇಲೆ ಎಲ್ಲರೂ ಹೇಳುವ ಮಂತ್ರ ಹಿಡಿದೆ: ಎಲ್ಲ ಪೆಡಲ್ಲೂ ಟ್ರೂ ಬೈಪಾಸ್ ಮಾಡಿಸು, ಅಂದರೆ ಆಫ್ ಇದ್ದಾಗ ಸಿಗ್ನಲ್ಲು ಒಳಗಿನ ಸರ್ಕ್ಯೂಟ್ ಮುಟ್ಟದೆ ನೇರ ದಾಟಿಹೋಗಲಿ. ಮೂರು ಹಳೇ ಪೆಡಲ್ ಬಿಚ್ಚಿಸಿ 3ಪಿಡಿಟಿ ಸ್ವಿಚ್ ಹಾಕಿಸಿದೆ. ಕೂಲಿ ಸೇರಿ ಎರಡೂವರೆ ಸಾವಿರ. ಅದೇ ಸಮಯಕ್ಕೆ ಬೋರ್ಡಿನಲ್ಲಿ ಜಾಗ ಸಾಲದು ಅಂತ ಬಾಸ್ (Boss) ಕಂಪನಿಯ ಟ್ಯೂನರ್ ಪೆಡಲ್ ತೆಗೆದು, ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ತಂದೆ.

ಸೌಂಡು ಮೊದಲಿಗಿಂತ ಹಾಳಾಯಿತು. ಸುಮಾರು ಒಂದು ವರ್ಷ ಪಿಕಪ್ಪಿನ (ತಂತಿಯ ಸದ್ದು ಹಿಡಿಯುವ ಕಾಯಿಲ್) ಮೇಲೆ, ತಂತಿಯ ಮೇಲೆ, ಆಂಪಿನ ಮೇಲೆ ಅನುಮಾನಪಟ್ಟೆ. ಒಂದು ರಾತ್ರಿ ಟ್ಯೂನರನ್ನು ಸುಮ್ಮನೆ ವಾಪಸ್ ಜೋಡಿಸಿದಾಗ ಕಂಬಳಿ ಅರ್ಧ ಸರಿಯಿತು. ಆ ಟ್ಯೂನರ್ ಆಫ್ ಇದ್ದರೂ ಅದರೊಳಗಿನ ಬಫರ್ ಕೆಲಸ ಮಾಡುತ್ತಲೇ ಇರುತ್ತೆ. ನನ್ನ ಬೋರ್ಡಿನಲ್ಲಿದ್ದ ಬಫರ್‌ಗಳನ್ನೆಲ್ಲ ಕಾಸು ಕೊಟ್ಟು ತೆಗೆಸಿ, ಕೊನೆಗೆ ಉಳಿದಿದ್ದ ಒಂದನ್ನೂ ನಾನೇ ಕಿತ್ತಿದ್ದೆ. ಹದಿನೈದು ಮೀಟರ್ ವೈರೂ ನೇರ ಪಿಕಪ್ಪಿನ ಮೇಲೆ ಕೂತಿತ್ತು.

ಉದ್ದ ವೈರು ತಾನೇ ಒಂದು ಕೆಪ್ಯಾಸಿಟರ್ ಇದ್ದ ಹಾಗೆ, ಟ್ರೆಬಲ್ ನುಂಗುತ್ತೆ. ಮೀಟರಿಗೆ 100 ಪಿಕೋಫ್ಯಾರಡ್ ಹಿಡಿದರೂ ತುಂಡು ವೈರು ಸೇರಿ 1600. ಸಿಂಗಲ್ ಕಾಯಿಲ್ ಪಿಕಪ್ ಎರಡೂವರೆ ಹೆನ್ರಿ ಅಂದುಕೊಂಡರೆ, 5 ಮೀಟರ್ ವೈರಿಗೆ 4 ಕಿಲೋಹರ್ಟ್ಜ್ ಮೇಲಿರುವ ಅದರ ಉಬ್ಬು (ಪಿಕಪ್ ಅತಿ ಜೋರಾಗಿ ಸ್ಪಂದಿಸುವ ಜಾಗ) ಎರಡೂವರೆಗೆ ಇಳಿಯುತ್ತೆ. ವಾಲ್ಯೂಮ್ ಅರ್ಧ ಇಳಿಸಿದಿರೋ, 1600 ಹರ್ಟ್ಜ್‌ನಿಂದಲೇ ಸೋರಿಕೆ ಶುರು. ಮೆಲೊಡಿ ಹಾಡಿಗೆ ವಾಲ್ಯೂಮ್ ಇಳಿಸಿ ನುಡಿಸುವಾಗ ನನ್ನ ಗಿಟಾರ್ ಯಾಕೆ ಮಾಯವಾಗುತ್ತಿತ್ತು ಅಂತ ಆಗ ಗೊತ್ತಾಯಿತು.

ಇಷ್ಟಾದ ಮೇಲೆ ಕಟ್ಟಲು ಕೂತೆ. ಮೊದಲ ಪ್ರಯತ್ನ ಮನೆಯಲ್ಲಿದ್ದ ಬಿಸಿ549 (BC549) ಟ್ರಾನ್ಸಿಸ್ಟರಿನಲ್ಲಿ. ಅದರ ಬೇಸ್ ಕಾಲಿಗೆ 1 ಮೆಗ್ ರೆಸಿಸ್ಟರ್ ಎರಡು, ಎಮಿಟರ್ ಕಾಲಿಗೆ 2.2 ಕೆ. ಜೋರಾಗಿ ಹೊಡೆದರೆ ಒರಟು ಸದ್ದು. ಮಲ್ಟಿಮೀಟರ್ ಇಟ್ಟು ನೋಡಿದರೆ ಎಮಿಟರಿನಲ್ಲಿ ಎರಡೇ ವೋಲ್ಟು. ಇನ್‌ಪುಟ್ ಇಂಪೀಡೆನ್ಸೂ (ಗಿಟಾರಿಗೆ ಎದುರಾಗುವ ತಡೆ, ಹೆಚ್ಚಿದ್ದಷ್ಟೂ ಒಳ್ಳೇದು) 250 ಕೆ ಆಸುಪಾಸಿಗೆ ಬಿದ್ದಿತ್ತು. ಎಮಿಟರಿಗೆ 10 ಕೆ ಹಾಕಿದ್ದರೆ ಸರಿಯಾಗುತ್ತಿತ್ತು, ಆದರೆ ಅಷ್ಟರಲ್ಲಿ ಮನಸ್ಸು ಟಿಎಲ್072 ಐಸಿಯ ಕಡೆ ಹೋಗಿತ್ತು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಹತ್ತು ಐಸಿ ತಂದೆ, ತಲಾ ಇಪ್ಪತ್ತೋ ಇಪ್ಪತ್ತೆರಡೋ. ಅದರಲ್ಲಿ ನಾಲ್ಕು ನಕಲಿ, ಹಾಕಿದ ಕೂಡಲೇ ಸುಯ್ಯೆನ್ನುವಂಥವು. ಈಗ ನಾನು ತರುವ ಅಂಗಡಿ ಬೇರೆ. ಅದರ ಹೆಸರು ಕೇಳಬೇಡಿ, ಅಲ್ಲಿ ಸ್ಟಾಕೇ ಕಡಿಮೆ.

ಆ ಐಸಿಯೊಳಗೆ ಎರಡು ಪುಟ್ಟ ಆಂಪ್ಲಿಫೈಯರ್‌ಗಳಿವೆ. ಅರ್ಧ ವ್ಯರ್ಥ ಮಾಡುವುದು ಯಾಕೆ ಅಂತ ಒಂದೇ ಡಬ್ಬಕ್ಕೆ ನಾಲ್ಕು ಜಾಕ್ ಕೊಟ್ಟೆ. ಗಿಟಾರ್ ಒಳಗೆ, ಪೆಡಲ್‌ಗಳಿಗೆ ಹೊರಗೆ, ಪೆಡಲ್‌ಗಳಿಂದ ಒಳಗೆ, ಆಂಪಿಗೆ ಹೊರಗೆ. ಮೊದಲ ಅರ್ಧ ಪಿಕಪ್ಪನ್ನು ಕಾಯುತ್ತೆ, ಎರಡನೆಯದು 9 ಮೀಟರ್ ವೈರನ್ನು ಎಳೆಯುತ್ತೆ. ಮೊದಲನೆಯದೇ ಸಾಕಲ್ಲ ಅನ್ನುವವರಿಗೆ: ಎಲ್ಲ ಪೆಡಲ್ ಆಫ್ ಇದ್ದಾಗ ಸಾಕು. ವಾಲ್ಯೂಮ್ ನಾಬ್ ಮೂಲಕ ಹೊರಬರುವ ಹಳೇ ಓವರ್‌ಡ್ರೈವ್ ಆನ್ ಮಾಡಿ ನೋಡಿ, ಆಗ ಎರಡನೆಯದರ ಬೆಲೆ ತಿಳಿಯುತ್ತೆ.

ಇದು ಒಂದೇ ಸಲಕ್ಕೆ ಕೈಗೂಡಲಿಲ್ಲ. ಮೊದಲ ಡಬ್ಬ ಪ್ಲಾಸ್ಟಿಕ್ಕಿನದು. ಯಲಹಂಕ ಕಡೆಯ ಒಂದು ಗಣೇಶೋತ್ಸವದಲ್ಲಿ ಹಾಡಿನ ನಡುವೆ ಆಕಾಶವಾಣಿಯ ವಾರ್ತೆ ನನ್ನ ಆಂಪಿನಿಂದ ಬಂತು. ಕೀಬೋರ್ಡಿನವನು ಆವತ್ತು ಹೇಳಿದ ಮಾತು ಇನ್ನೂ ಚುಚ್ಚುತ್ತೆ. ಮರುದಿನವೇ ಅಲ್ಯೂಮಿನಿಯಂ ಡಬ್ಬ ತಂದೆ, ಮುನ್ನೂರೈವತ್ತು. ಇನ್‌ಪುಟ್‌ಗೆ 10 ಕೆ ಸೀರೀಸಿನಲ್ಲಿ, 47 ಪಿಕೋ ಗ್ರೌಂಡಿಗೆ. ಮತ್ತೆ ರೇಡಿಯೋ ಬಂದಿಲ್ಲ.

ಎರಡನೇ ಕಾಟ: ಉದ್ದ ವೈರು ಜೋಡಿಸಿದರೆ ಐಸಿ ಬಿಸಿಯಾಗಿ ಸೌಂಡು ಮಸುಕಾಗುತ್ತಿತ್ತು. ಐಸಿ ತಾನೇ ಆಸಿಲೇಟ್ ಆಗುತ್ತಿತ್ತು, ನಮ್ಮ ಕಿವಿಗೆ ಎಟುಕದಷ್ಟು ಮೇಲೆ. ಔಟ್‌ಪುಟ್ಟಿಗೆ 470 ಓಮ್ ಸೀರೀಸಿನಲ್ಲಿ ಹಾಕಿದೆ, ನಿಂತಿತು. ಎಂಟಾಣೆ ರೆಸಿಸ್ಟರ್ ಹುಡುಕಲು ಎರಡು ವಾರ ಹಿಡಿಯಿತು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಡಿಸ್ಟಾರ್ಷನ್ ಪೂರ್ತಿ ಏರಿಸಿದರೆ ಕೀ... ಅಂತ ಕಿರುಚು. ಕೊನೆಯ ಔಟ್‌ಪುಟ್ ವೈರು ಮೊದಲ ಇನ್‌ಪುಟ್ ವೈರಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಜಾಕ್‌ಗಳನ್ನು ಡಬ್ಬದ ಆ ತುದಿ ಈ ತುದಿಗೆ ಸರಿಸಿ, ಒಳಗೆ ಶೀಲ್ಡ್ ವೈರು ಹಾಕಿ ಪೂರ್ತಿ ಹೊಸದಾಗಿ ಕಟ್ಟಿದೆ. ಹಳೇ ಡಬ್ಬದಲ್ಲಿ ಕೊರೆದ ತೂತುಗಳು ದಂಡ. ಇದರ ಜೊತೆಗೆ ಶೀಲ್ಡ್ ವೈರಿನ ಗ್ರೌಂಡನ್ನು ಎಲ್ಲಿ ಕಟ್ಟಬೇಕು ಅನ್ನುವ ಒಂದು ಗುಟ್ಟಿದೆ. ಅದು ನನ್ನಲ್ಲೇ ಇರಲಿ.

ಮಧ್ಯೆ 18 ವೋಲ್ಟಿನ ಹುಚ್ಚೂ ಹಿಡಿದಿತ್ತು. 7660 ಐಸಿಯಿಂದ 9 ವೋಲ್ಟನ್ನು ದುಪ್ಪಟ್ಟು ಮಾಡಿದೆ. ಕಿವಿಯ ಪಕ್ಕ ಸೊಳ್ಳೆ ಹಾರಿದ ಹಾಗೆ ಒಂದು ಕುಯ್ ಸದ್ದು ಸೇರಿಕೊಂಡಿತು. ಅದೇ ಕೆಲಸ ಮಾಡುವ ಮ್ಯಾಕ್ಸ್1044 ಐಸಿ ತಂದು 1ನೇ ಪಿನ್ನನ್ನು ಸಪ್ಲೈಗೆ ಕಟ್ಟಿದರೆ ಕುಯ್ ಮೇಲಕ್ಕೆ ಹೋಗಿ ಕೇಳದಂತಾಯಿತು. ಆದರೆ 9 ವೋಲ್ಟಿಗೂ 18ಕ್ಕೂ ನನ್ನ ಪಿಕಪ್ಪಿನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ತೆಗೆದುಹಾಕಿದೆ. ಈಗ ಒಂದು 9 ವೋಲ್ಟ್ ಬ್ಯಾಟರಿ. ಎಳೆಯುವುದು ಮೂರೂವರೆ ಮಿಲಿ ಆಂಪ್, ಒಂದು ಹಬ್ಬದ ಸೀಸನ್ ಆರಾಮಾಗಿ ಬರುತ್ತೆ. ಜನರೇಟರ್ ಸ್ಟೇಜುಗಳಲ್ಲಿ ಅಡಾಪ್ಟರಿಗಿಂತ ಇದೇ ಶುದ್ಧ.

ಫಝ್ (ಸದ್ದನ್ನು ಒಡೆದು ಒರಟು ಮಾಡುವ ಪೆಡಲ್) ಇರುವವರು ಗಮನಿಸಿ. ಹಳೇ ರೇಡಿಯೋದಿಂದ ತೆಗೆದ ಬಿಇಎಲ್ ಕಂಪನಿಯ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್ ಎರಡು ಹಾಕಿ ಕಟ್ಟಿದ ಫಝ್ ನನ್ನ ಹತ್ತಿರ ಇದೆ. ಅದಕ್ಕೆ ಮುಂಚೆ ಬಫರ್ ಬಂದರೆ ಮುಳ್ಳು ಮುಳ್ಳಾದ ಸದ್ದು. ಗಿಟಾರಿನ ವಾಲ್ಯೂಮ್ ಇಳಿಸಿದರೂ ಅದು ತಿಳಿಯಾಗುವುದಿಲ್ಲ. ಅದಕ್ಕೆ ಪಿಕಪ್ ನೇರವಾಗಿ ಕಾಣಬೇಕು. ಹಾಗಾಗಿ ಫಝ್ ಮೊದಲು, ಅದರ ಬೆನ್ನಿಗೇ ಬಫರ್. ಆ ಟ್ರಾನ್ಸಿಸ್ಟರ್‌ಗಳು ಪಿಎನ್‌ಪಿ ಜಾತಿಯವು, ಪ್ಲಸ್ಸು ಮೈನಸ್ಸು ಉಲ್ಟಾ, ಆದ್ದರಿಂದ ಪವರೂ ಬೇರೆ.

ಎಲ್ಲ ಮುಗಿದ ಮೇಲೂ ಒಂದು ಕೊರತೆ ಉಳಿಯಿತು, ಸೌಂಡು ಈಗ ಹೆಚ್ಚೇ ಚುರುಕು. ಇಷ್ಟು ವರ್ಷ ಕೇಳಿದ್ದು ಮಂಕಾದ ಸದ್ದು, ಕಿವಿ ಅದಕ್ಕೇ ಒಗ್ಗಿತ್ತು. ಇನ್‌ಪುಟ್ಟಿಗೆ ಸಣ್ಣ ಸ್ವಿಚ್ಚಿನಲ್ಲಿ ಒಂದು ಕೆಪ್ಯಾಸಿಟರ್ ಸೇರಿಸಿದೆ, ಸುಳ್ಳು ವೈರಿನ ಹಾಗೆ. ಬೇಕಾದರೆ ಒಳಗೆ, ಬೇಡವಾದರೆ ಹೊರಗೆ. ಎಷ್ಟು ಪಿಕೋ ಅಂತ ಹೇಳುವುದಿಲ್ಲ, ನಾನು ಹನ್ನೊಂದು ಬದಲಿಸಿ ಕಂಡುಕೊಂಡದ್ದು. ನಿಮ್ಮ ಪಿಕಪ್ಪಿಗೆ ಅದು ಬೇರೆಯೇ ಇರುತ್ತೆ.

ಕೀಬೋರ್ಡಿನವನನ್ನು ಬೆನ್ನು ತಿರುಗಿಸಿ ಕೂರಿಸಿ ಪರೀಕ್ಷೆ ಮಾಡಿದೆ. ಒಂದೂವರೆ ಮೀಟರ್ ವೈರಿನಲ್ಲಿ ನೇರ ಆಂಪಿಗೆ ಒಮ್ಮೆ, ಸುಳ್ಳು ವೈರು ಆಫ್ ಮಾಡಿ 15 ಮೀಟರ್ ಮತ್ತು ಬಫರ್ ಒಮ್ಮೆ. ಹತ್ತು ಸಲದಲ್ಲಿ ಅವನು ಸರಿ ಹೇಳಿದ್ದು ಐದು. ಬಫರ್ ಇಲ್ಲದ 15 ಮೀಟರನ್ನು ಮಾತ್ರ ಪ್ರತಿ ಸಲ ಹಿಡಿದ.

ಡಬ್ಬ, ಜಾಕು, ಐಸಿ, ಬ್ಯಾಟರಿ ಎಲ್ಲ ಸೇರಿ ಒಂದಕ್ಕೆ ಏಳುನೂರರ ಹತ್ತಿರ. ದಾರಿಯಲ್ಲಿ ಕಳೆದದ್ದು ಹನ್ನೆರಡು ಸಾವಿರಕ್ಕೆ ಕಡಿಮೆಯಿಲ್ಲ. ಇಲ್ಲಿಯವರೆಗೆ ಹದಿನಾಲ್ಕು ಕಟ್ಟಿದ್ದೇನೆ, ಒಂದೂ ರಿಪೇರಿಗೆ ವಾಪಸ್ ಬಂದಿಲ್ಲ.

ಮೊನ್ನೆ ಕರ್ನಾಟಕ ಸಂಗೀತದ ಪಿಟೀಲು ನುಡಿಸುವ ಗೆಳೆಯರೊಬ್ಬರು ತಮ್ಮ ಪೀಜೋ ಪಿಕಪ್ (ಮರದ ಕಂಪನ ಹಿಡಿಯುವಂಥದ್ದು) ಹಿಡಿದು ಬಂದರು. ನೇರ ಮಿಕ್ಸರಿಗೆ ಹಾಕಿದರೆ ತಗಡು ಬಡಿದ ಹಾಗೆ ಸದ್ದು, ಮಂದ್ರವೇ ಇಲ್ಲ. ಇಲ್ಲಿ ಕಥೆ ಉಲ್ಟಾ, ಕಳೆದುಹೋಗುವುದು ಟ್ರೆಬಲ್ ಅಲ್ಲ, ಬೇಸು. ಅದೇ ಸರ್ಕ್ಯೂಟಿನಲ್ಲಿ ಇನ್‌ಪುಟ್ಟಿನ 1 ಮೆಗ್ ರೆಸಿಸ್ಟರ್ ತೆಗೆದು 10 ಮೆಗ್ ಹಾಕಿ ಕೊಟ್ಟೆ. ಮಂದ್ರ ಷಡ್ಜ ಎಳೆದು ನೋಡಿ ಅವರು ಬಿಲ್ಲು ಕೆಳಗಿಡಲೇ ಇಲ್ಲ. ಆ ಡಬ್ಬದಲ್ಲಿ ಕೈ ತಾಗಿದರೆ ಇನ್ನೂ ಸ್ವಲ್ಪ ಹಮ್ಮಿಂಗ್ ಇದೆ, ಈ ವಾರ ಅದನ್ನು ಬಿಚ್ಚುತ್ತಿದ್ದೇನೆ.