ನ್ಯೂಜೆರ್ಸಿಯ ಅಂಗಳಕ್ಕೆ ವೈಬರ್ನಮ್: ಯಾವುದನ್ನು ತರಬೇಕು, ಯಾವಾಗ ಕತ್ತರಿ ಹಾಕಬೇಕು

ಇಲ್ಲಿ ಹೊಸದಾಗಿ ಮನೆ ಕೊಂಡ ನಮ್ಮವರು ಮೊದಲು ಕೇಳುವುದೇ ಮಲ್ಲಿಗೆ ಬರುತ್ತಾ ಅಂತ. ನೆಲದಲ್ಲಿ ಬರುವುದಿಲ್ಲ. ಕುಂಡದಲ್ಲಿ ಬೆಳೆಸಿ, ಚಳಿ ಶುರುವಾಗುವ ಮೊದಲು ಒಳಗೆ ಹೊತ್ತುಕೊಂಡು ಬರಬೇಕು. ವರ್ಷಪೂರ್ತಿ ಹೊರಗೇ ಇರಬೇಕು, ಹಿಮ ಬಿದ್ದರೂ ಸಾಯಬಾರದು, ಏಪ್ರಿಲ್ ಕೊನೆಗೆ ಅಂಗಳವೆಲ್ಲ ಘಮ್ ಅನ್ನಬೇಕು ಅಂದರೆ ನಾನು ಹೇಳುವುದು ವೈಬರ್ನಮ್ ಅನ್ನುವ ಹೂವಿನ ಪೊದೆ. ಇದನ್ನು ಸಾಕುವ ಕಷ್ಟ ಕಡಿಮೆ. ಕಷ್ಟವೆಲ್ಲ ಆರಿಸುವುದರಲ್ಲಿದೆ.

ಯಾಕೆಂದರೆ ವೈಬರ್ನಮ್ ಅಂದರೆ ಒಂದು ಗಿಡ ಅಲ್ಲ. ಅದರಲ್ಲಿ 150ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ನೀಲಗಿರಿಯ ಶೋಲಾ ಕಾಡುಗಳಲ್ಲೂ ಕೆಲವು ಇವೆ. ಕೆಲವಕ್ಕೆ ಪರಿಮಳ ಇದೆ, ಬಹಳಷ್ಟಕ್ಕೆ ಇಲ್ಲ. ಕೆಲವು ಎದೆಮಟ್ಟ ನಿಲ್ಲುತ್ತವೆ, ಕೆಲವು ಹನ್ನೆರಡು ಅಡಿ ಅಗಲ ಹರಡಿ ದಾರಿಯನ್ನೇ ಮುಚ್ಚುತ್ತವೆ. ನರ್ಸರಿಯಲ್ಲಿ ಎಲ್ಲವೂ ಮೂರು ಗ್ಯಾಲನ್ ಕುಂಡದಲ್ಲಿ ಒಂದೇ ಎತ್ತರಕ್ಕೆ ಇರುತ್ತವೆ. ಚೀಟಿಯನ್ನು ಪೂರ್ತಿ ಓದದೆ ಕಾರಿಗೆ ಹಾಕಬೇಡಿ.

ಪರಿಮಳವೇ ಮುಖ್ಯ ಅನ್ನುವವರು ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು. ಒಂದು ಕಾರ್ಲೆಸಿ. ಇಲ್ಲಿ ಅದನ್ನು ಕೊರಿಯನ್‌ಸ್ಪೈಸ್ ಅಂತ ಮಾರುತ್ತಾರೆ. ಮೊಗ್ಗು ಗುಲಾಬಿ, ಅರಳಿದ ಮೇಲೆ ಬಿಳಿ, ಪರಿಮಳದಲ್ಲಿ ಲವಂಗದ ಘಾಟು. ಇನ್ನೊಂದು ಜಡ್. ಬಾಸ್ಟನ್ನಿನ ಆರ್ನಾಲ್ಡ್ ಅರ್ಬೊರೇಟಮ್ ಅನ್ನುವ ಸಸ್ಯೋದ್ಯಾನದಲ್ಲಿ ಗಿಡ ಬೆಳೆಸುತ್ತಿದ್ದ ವಿಲಿಯಂ ಜಡ್ 1920ರಲ್ಲಿ ಕಾರ್ಲೆಸಿಯನ್ನು ಅದರ ಹತ್ತಿರದ ಇನ್ನೊಂದು ಜಾತಿಯ ಜೊತೆ ಕೂಡಿಸಿ ಮಾಡಿದ ತಳಿ ಅದು. ಕಾರ್ಲೆಸಿಯ ಎಲೆಗೆ ಚುಕ್ಕೆ ರೋಗ ಬರುವುದು ಜಾಸ್ತಿ, ಜಡ್‌ಗೆ ಕಡಿಮೆ. ಪರಿಮಳದಲ್ಲಿ ಕಾರ್ಲೆಸಿ ಒಂದು ಕೈ ಮೇಲು. ನಮ್ಮ ಅಡುಗೆಮನೆ ಕಿಟಕಿಯ ಕೆಳಗೆ ಇರುವುದು ಜಡ್. ಹೂವಿನ ಕಾಲದಲ್ಲಿ ಆ ಕಿಟಕಿ ತೆಗೆದೇ ಇರುತ್ತದೆ, ಒಗ್ಗರಣೆ ಹಾಕುವ ಹೊತ್ತು ಬಿಟ್ಟು. ಊರಿಂದ ಬಂದಿದ್ದ ಅತ್ತೆ ಇದನ್ನು ದೇವರಿಗೆ ಏರಿಸಬಹುದಾ ಅಂತ ಕೇಳಿ, ಉತ್ತರಕ್ಕೆ ಕಾಯದೆ ಒಂದು ಗೊಂಚಲು ಏರಿಸಿಯೇಬಿಟ್ಟಿದ್ದರು.

ನೋಡಲು ಚಂದ ಇರಬೇಕು, ಪರಿಮಳ ಇಲ್ಲದಿದ್ದರೂ ನಡೆಯುತ್ತದೆ ಅಂದರೆ ಡಬಲ್‌ಫೈಲ್ ತನ್ನಿ. ಕೊಂಬೆಗಳು ನೆಲಕ್ಕೆ ಸಮನಾಗಿ ಅಂತಸ್ತು ಅಂತಸ್ತಾಗಿ ಚಾಚುತ್ತವೆ, ಪ್ರತಿ ಕೊಂಬೆಯ ಮೇಲೂ ಬಿಳಿ ಹೂ ಎರಡು ಸಾಲಾಗಿ ಕೂರುತ್ತದೆ. ಅದರಲ್ಲಿ ಶಾಸ್ತಾ ಅನ್ನುವ ತಳಿ ಒಳ್ಳೆಯದು. ವಾಷಿಂಗ್ಟನ್ನಿನ ನ್ಯಾಷನಲ್ ಅರ್ಬೊರೇಟಮ್‌ನಲ್ಲಿ ಡೊನಾಲ್ಡ್ ಎಗೋಲ್ಫ್ ಬೆಳೆಸಿದ್ದು, 1979ರಲ್ಲಿ ಹೊರಬಂತು. ಎತ್ತರ ಆರು ಅಡಿ, ಅಗಲ ಅದರ ಎರಡು ಪಟ್ಟು. ಟೌನ್‌ಹೌಸ್ ಮುಂದಿನ ಚೂರು ಜಾಗಕ್ಕೆ ಇದು ಬೇಡವೇ ಬೇಡ.

ಇನ್ನು ಹುಳದ ವಿಷಯ. ಗಿಡ ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ವೈಬರ್ನಮ್ ಲೀಫ್ ಬೀಟಲ್ ಯುರೋಪಿನಿಂದ ಬಂದದ್ದು. ಉತ್ತರ ಅಮೆರಿಕದಲ್ಲಿ ಮೊದಲು ಕಂಡದ್ದು ಕೆನಡಾದಲ್ಲಿ, 1947ರಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ 1996ರಲ್ಲಿ ಸಿಕ್ಕಿತು. ಆಮೇಲೆ ನಮ್ಮ ಕಡೆಗೂ ಹಬ್ಬಿತು. ವೈಬರ್ನಮ್ ಬಿಟ್ಟು ಬೇರೆ ಗಿಡ ಇದಕ್ಕೆ ಬೇಡ. ಆದರೆ ಎಲ್ಲ ವೈಬರ್ನಮ್ಮೂ ಒಂದೇ ಥರ ಇಷ್ಟ ಅಂತಲೂ ಇಲ್ಲ. ಆರೋವುಡ್, ಕ್ರ್ಯಾನ್‌ಬೆರಿಬುಷ್, ವಿಂಟರ್ಥರ್ ತಳಿ ಬರುವ ನ್ಯೂಡಮ್ ಜಾತಿ, ಇವೆಲ್ಲ ಅದಕ್ಕೆ ಹಬ್ಬದ ಊಟ. ಕಾರ್ಲೆಸಿ, ಜಡ್, ಡಬಲ್‌ಫೈಲ್, ಒರಟು ಎಲೆಯ ಲೆದರ್‌ಲೀಫ್, ಇವನ್ನು ಅದು ಹೆಚ್ಚು ಮುಟ್ಟುವುದಿಲ್ಲ. ನಮ್ಮ ಪಕ್ಕದ ಮನೆಯವರ ಬೇಲಿ ಪೂರ್ತಿ ಆರೋವುಡ್. ಒಂದು ಜೂನ್‌ನಲ್ಲಿ ಅದರಲ್ಲಿ ಎಲೆಯ ನರ ಬಿಟ್ಟು ಏನೂ ಉಳಿಯಲಿಲ್ಲ. ಅದೇ ಬೇಲಿಯಿಂದ ಸ್ವಲ್ಪ ಈಚೆಗಿರುವ ನಮ್ಮ ಜಡ್‌ನಲ್ಲಿ ನಾಲ್ಕಾರು ತೂತು, ಅಷ್ಟೇ.

ಆರೋವುಡ್ ಈಗಾಗಲೇ ಇದ್ದರೆ ಕಿತ್ತು ಎಸೆಯಬೇಕಿಲ್ಲ. ಈ ಹುಳಕ್ಕೆ ವರ್ಷಕ್ಕೆ ಒಂದೇ ಸಂತಾನ. ಅದರ ಲೆಕ್ಕ ಗೊತ್ತಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ಬೇಸಿಗೆ ನಡುವಿನಿಂದ ಚಳಿ ಬೀಳುವವರೆಗೂ ಹೆಣ್ಣುಹುಳ ಎಳೆಯ ರೆಂಬೆಗಳ ತುದಿಯ ಕಡೆ ಸಾಲಾಗಿ ತೂತು ಕೊರೆದು ಮೊಟ್ಟೆ ಇಡುತ್ತದೆ. ಪ್ರತಿ ತೂತಿಗೂ ಅಗಿದ ಮರದ ಚೂರಿನ ಮುಚ್ಚಳ. ಎಲೆ ಉದುರಿದ ಮೇಲೆ ರೆಂಬೆಯ ತಳಬದಿಯನ್ನು ತಿರುಗಿಸಿ ನೋಡಿ. ಹೊಲಿಗೆ ಹಾಕಿದ ಹಾಗೆ ನೇರ ಸಾಲಿನಲ್ಲಿ ಕಂದು ಬಣ್ಣದ ಉಬ್ಬು ಕಾಣುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್ ಮೊದಲ ಭಾಗದವರೆಗೆ ಸಮಯ ಇದೆ. ಅಂಥ ತುದಿಗಳನ್ನೆಲ್ಲ ಕತ್ತರಿಸಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕಸಕ್ಕೆ ಹಾಕಿ. ಗಿಡದ ಬುಡದಲ್ಲೇ ಬೀಳಿಸಬೇಡಿ, ಕಾಂಪೋಸ್ಟ್ ಗುಂಡಿಗೂ ಬೇಡ. ಒಂದು ಹೆಣ್ಣುಹುಳ 500 ಮೊಟ್ಟೆಯವರೆಗೂ ಇಡಬಲ್ಲದು. ಹಾಗಾಗಿ ಫೆಬ್ರವರಿಯ ಒಂದು ಬಿಸಿಲಿನ ಭಾನುವಾರ ಇದಕ್ಕೆ ಕೊಟ್ಟರೆ ಆ ವರ್ಷ ಔಷಧಿಯ ಮಾತೇ ಬಾರದೆ ಇರಬಹುದು.

ಕತ್ತರಿಗೆ ತಪ್ಪಿಸಿಕೊಂಡ ಮೊಟ್ಟೆಗಳು ಮೇ ಹೊತ್ತಿಗೆ ಒಡೆಯುತ್ತವೆ. ಮರಿಗಳು ಎಲೆಯ ಅಡಿಯಲ್ಲಿ ಕೂತು ತಿನ್ನುತ್ತವೆ. ಹಳದಿ ಹಸಿರು ಮೈ, ಮೇಲೆ ಕಪ್ಪು ಚುಕ್ಕೆ. ಚಿಕ್ಕವಿರುವಾಗಲೇ ಎಲೆಯ ಅಡಿಗೆ ತಾಗುವ ಹಾಗೆ ಇನ್ಸೆಕ್ಟಿಸೈಡಲ್ ಸೋಪ್ ಸಿಂಪಡಿಸಿ. ಮೇಲಿಂದ ಸುಮ್ನೆ ಚಿಮುಕಿಸಿದರೆ ಪ್ರಯೋಜನ ಇಲ್ಲ. ಬೇರಿಗೆ ಸುರಿಯುವ, ಗಿಡದ ಮೈಯೆಲ್ಲ ಏರುವ ಔಷಧಿಯೂ ಅಂಗಡಿಯಲ್ಲಿ ಸಿಗುತ್ತದೆ. ನಾನಂತೂ ತರುವುದಿಲ್ಲ. ಈ ಹೂವಿಗೆ ಜೇನುಹುಳ ಮುತ್ತುವುದನ್ನು ಕಂಡವರಿಗೆ ಆ ಬಾಟಲಿ ಎತ್ತಿಕೊಳ್ಳಲು ಕೈ ಬರುವುದಿಲ್ಲ. ಎರಡು ಮೂರು ವರ್ಷ ಒಂದೇ ಸಮನೆ ಎಲೆಯೆಲ್ಲ ಹೋದರೆ ಗಿಡ ಸಾಯುತ್ತದೆ, ಒಂದು ವರ್ಷ ಹೋದರೆ ಹೆದರಬೇಕಿಲ್ಲ. ನೆರಳಿನಲ್ಲಿರುವ ಗಿಡಕ್ಕೆ ಕಾಟ ಜಾಸ್ತಿ ಅನ್ನುವುದೂ ನೆನಪಿರಲಿ.

ನೆಡುವುದಕ್ಕೆ ಎರಡು ಕಾಲ: ಏಪ್ರಿಲ್‌ನಿಂದ ಮೇ, ಅಥವಾ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ. ಮಣ್ಣು ಬೆಚ್ಚಗಿದ್ದು ಬಿಸಿಲು ಇಳಿದಿರುವುದರಿಂದ ನನಗೆ ಸೆಪ್ಟೆಂಬರ್ ಇಷ್ಟ. ಆಗ ನರ್ಸರಿಯವರು ದರವನ್ನೂ ಇಳಿಸಿರುತ್ತಾರೆ. ಆದರೆ ಪರಿಮಳ ಮೂಸಿಯೇ ಕೊಳ್ಳಬೇಕು ಅಂದರೆ ಏಪ್ರಿಲ್ ಕೊನೆಗೇ ಹೋಗಬೇಕು. ಗುದ್ದಲಿ ಹಾಕುವ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟ್ ಲೈನ್ ಎಲ್ಲಿ ಹೋಗಿದೆ ಅಂತ ಪುಕ್ಕಟೆ ಗುರುತು ಹಾಕಿಸಿ ಕೊಡುತ್ತಾರೆ.

ನಾವಿರುವ ಮಿಡ್ಲ್‌ಸೆಕ್ಸ್ ಕಡೆ ಹೊಸ ಬಡಾವಣೆಗಳಲ್ಲಿ ಮೇಲೆ ಒಂದು ಪದರ ಒಳ್ಳೆ ಮಣ್ಣು, ಕೆಳಗೆ ಗಟ್ಟಿ ಜೇಡಿ. ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಮರುದಿನವೂ ನಿಂತಿದ್ದರೆ ಜಾಗ ಬದಲಾಯಿಸಿ, ಇಲ್ಲವೆಂದರೆ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ. ವೈಬರ್ನಮ್‌ಗೆ ತೇವ ಬೇಕು, ನಿಂತ ನೀರು ಬೇಡ. ಸ್ವಲ್ಪ ಹುಳಿ ಮಣ್ಣು ಇಷ್ಟ. ಪಿಎಚ್ 5.5ರಿಂದ 6.5 ಇದ್ದರೆ ಸಂತೋಷ. ರಟ್ಗರ್ಸ್ ವಿಶ್ವವಿದ್ಯಾಲಯದವರ ಮಣ್ಣು ಪರೀಕ್ಷೆಯ ಲ್ಯಾಬ್ ಇದೆ, ಒಮ್ಮೆ ಕಳಿಸಿ ನೋಡಿ. ಸುಣ್ಣ, ಗೊಬ್ಬರ ಅಂದಾಜಿನ ಮೇಲೆ ಸುರಿಯುವ ಅಭ್ಯಾಸ ನಮ್ಮವರಲ್ಲಿ ಜಾಸ್ತಿ.

ಗುಂಡಿಯ ಅಗಲ ಬೇರಿನ ಉಂಡೆಯ ಎರಡು ಮೂರು ಪಟ್ಟು ಇರಲಿ, ಆಳ ಮಾತ್ರ ಉಂಡೆಯಷ್ಟೇ. ಬೇರು ಕುಂಡದೊಳಗೆ ಸುತ್ತು ಹಾಕಿಕೊಂಡಿದ್ದರೆ ಚಾಕುವಿನಿಂದ ನಾಲ್ಕು ಕಡೆ ಗೀರಿ ಬಿಡಿಸಿ. ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಬರೀ ಕಾಂಪೋಸ್ಟ್ ತುಂಬಿದರೆ ಬೇರು ಆ ಗುಂಡಿ ಬಿಟ್ಟು ಹೊರಗೆ ಹೋಗಲು ಸೋಮಾರಿಯಾಗುತ್ತದೆ, ಮಳೆ ಬಂದಾಗ ನೀರೂ ಅಲ್ಲೇ ನಿಲ್ಲುತ್ತದೆ. ಮೇಲೆ ಎರಡು ಮೂರು ಇಂಚು ಮಲ್ಚ್ (ಮಣ್ಣು ಮುಚ್ಚುವ ತೊಗಟೆ ಚೂರು) ಹಾಸಿ, ಕಾಂಡಕ್ಕೆ ತಾಗದ ಹಾಗೆ. ಲ್ಯಾಂಡ್‌ಸ್ಕೇಪ್‌ನವರು ಬುಡದ ಸುತ್ತ ಗುಡ್ಡ ಮಾಡಿ ಹೋಗುತ್ತಾರಲ್ಲ, ಅವರು ಹೋದ ಮೇಲೆ ಕೈಯಲ್ಲೇ ಸರಿಸಿಬಿಡಿ.

ಮೊದಲ ಎರಡು ಬೇಸಿಗೆ ನೀರಿನ ಕಡೆ ಗಮನ ಇರಲಿ. ವಾರಕ್ಕೆ ಒಂದು ಇಂಚು ಮಳೆ ಬಾರದಿದ್ದರೆ ಬುಡಕ್ಕೆ ನಿಧಾನವಾಗಿ ನೀರು ಬಿಡಿ. ಸ್ಪ್ರಿಂಕ್ಲರ್ ಎಲೆಯ ಮೇಲೆ ಬೀಳುತ್ತಿದ್ದರೆ ಚುಕ್ಕೆ ರೋಗ ಬರುತ್ತದೆ. ಬೇರೂರಿದ ಮೇಲೆ ಒಣ ಹವೆ ಇದ್ದಾಗ ಬಿಟ್ಟರೆ ನೀರಿನ ಚಿಂತೆ ಇಲ್ಲ. ವಸಂತದಲ್ಲಿ ಚಿಗುರೆಲೆ ಮುದುರಿದ್ದರೆ ಅದು ಗಿಡಹೇನು. ಪೈಪಿನಲ್ಲಿ ಜೋರಾಗಿ ನೀರು ಹೊಡೆಯಿರಿ, ಸಾಕು.

ಹುಳದ ಮೊಟ್ಟೆ ಇರುವ ತುದಿಗಳ ಮಾತು ಬಿಟ್ಟರೆ, ಕತ್ತರಿಸುವ ವಿಷಯದಲ್ಲಿ ಒಂದೇ ನಿಯಮ: ಹೂ ಬಾಡಿದ ಕೂಡಲೇ. ಕಾರ್ಲೆಸಿ, ಜಡ್‌ಗಳಿಗೆ ಇಲ್ಲಿ ಅದು ಮೇ ನಡುವಿನ ಹೊತ್ತಿಗೆ. ಮುಂದಿನ ವರ್ಷದ ಮೊಗ್ಗು ಈ ವರ್ಷದ ಬೇಸಿಗೆಯಲ್ಲೇ ಕಟ್ಟಿಬಿಡುತ್ತದೆ. ಕಾರ್ಲೆಸಿ, ಜಡ್‌ಗಳಲ್ಲಿ ಅದು ಚಳಿಗಾಲ ಪೂರ್ತಿ ಕೊಂಬೆಯ ತುದಿಯಲ್ಲಿ ಕಣ್ಣಿಗೆ ಕಾಣುವ ಹಾಗೆಯೇ ಇರುತ್ತದೆ. ಅಕ್ಟೋಬರ್‌ನಲ್ಲಿ ಮೆಷಿನ್ ಹಿಡಿದು ಬಂದವರು ಎಲ್ಲ ಗಿಡದಂತೆ ಇದನ್ನೂ ಚೆಂಡು ಮಾಡಿದರೆ ಏಪ್ರಿಲ್‌ನ ಹೂವು ಅವರ ಟ್ರಕ್ಕಿನಲ್ಲೇ ಹೋಯಿತು ಅಂತ ಲೆಕ್ಕ. ಅವರಿಗೆ ಮೊದಲೇ ಹೇಳಿ, ಗಿಡಕ್ಕೆ ಒಂದು ರಿಬ್ಬನ್ ಕಟ್ಟಿ. ಗಿಡ ಮುದಿಯಾಗಿ ಒಳಗೆಲ್ಲ ಬೋಳಾಗಿದ್ದರೆ ಮಾತ್ರ ಚಳಿಗಾಲದ ಕೊನೆಗೆ ಅತಿ ಹಳೆಯ ಕಾಂಡಗಳಲ್ಲಿ ಮೂರನೇ ಒಂದು ಭಾಗವನ್ನು ನೆಲಮಟ್ಟಕ್ಕೆ ತೆಗೆಯಿರಿ. ಹೀಗೆ ಮೂರು ವರ್ಷ ಮಾಡಿದರೆ ಗಿಡ ಹೊಸದಾಗುತ್ತದೆ.

ಕಾರ್ಲೆಸಿಯನ್ನು ಎಷ್ಟೋ ಸಲ ಲಂಟಾನಾ ವೈಬರ್ನಮ್ ಬುಡದ ಮೇಲೆ ಕಸಿ ಮಾಡಿರುತ್ತಾರೆ. ನಮ್ಮೂರ ಬೇಲಿಯ ಲಂಟಾನ ಅಲ್ಲ, ಇದು ವೈಬರ್ನಮ್ಮಿನದೇ ಒಂದು ಜಾತಿ. ಬುಡದಿಂದ ದೊಡ್ಡ, ದಪ್ಪ, ಸುಕ್ಕು ಎಲೆಯ ಚಿಗುರು ಬಂದರೆ ಅದು ಆ ಬುಡದ್ದು. ಅಲ್ಲಿಂದಲೇ ಕಿತ್ತುಹಾಕಿ. ಬಿಟ್ಟರೆ ಮೇಲಿನ ಗಿಡವನ್ನು ನುಂಗಿಬಿಡುತ್ತದೆ.

ಹಣ್ಣು ಬಿಡಲಿಲ್ಲ ಅಂತ ದೂರುವವರು ಇದ್ದಾರೆ. ಒಂದೇ ಗಿಡ ಇದ್ದರೆ ಹಣ್ಣು ಕಡಿಮೆಯೇ. ಅದೇ ಜಾತಿಯ, ಬೇರೆ ತಳಿಯ, ಅದೇ ಹೊತ್ತಿಗೆ ಹೂ ಬಿಡುವ ಇನ್ನೊಂದು ಗಿಡ ಹತ್ತಿರ ಇರಬೇಕು. ಹಕ್ಕಿಗೆ ಹಣ್ಣು ಬೇಕು ಅಂದರೆ ಇಲ್ಲಿನದೇ ಆದ ಬ್ಲ್ಯಾಕ್‌ಹಾ ವೈಬರ್ನಮ್ ಎರಡು ನೆಡಿ. ಲಿಂಡನ್ ವೈಬರ್ನಮ್ ಮಾತ್ರ ಬೇಡ. ಕೆಂಪು ಹಣ್ಣು ನೋಡಲು ಚಂದ ನಿಜ, ಆದರೆ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದು ಅಲ್ಲೆಲ್ಲ ಹಬ್ಬಿಸಿವೆ. ಮಕ್ಕಳಿರುವ ಮನೆಯಲ್ಲಿ ಯಾವ ವೈಬರ್ನಮ್ ಹಣ್ಣನ್ನೂ ಬಾಯಿಗಿಡದ ಹಾಗೆ ನೋಡಿಕೊಳ್ಳಿ.

ಬೆಂಗಳೂರಿಗೆ ಒಂದು ಕಡ್ಡಿ ಒಯ್ಯಲಾ ಅಂತ ಕೇಳುವವರಿಗೆ: ಬೇಡ. ಕಾರ್ಲೆಸಿಗೆ ನಿಜವಾದ ಚಳಿಗಾಲ ಬೇಕು, ಅದಿಲ್ಲದೆ ಹೂ ಬಿಡುವುದಿಲ್ಲ. ಹಾಗೆಲ್ಲ ಗಿಡ ಒಯ್ಯುವುದಕ್ಕೆ ಕಾನೂನೂ ಬಿಡುವುದಿಲ್ಲ.

ಇಲ್ಲೇ ಇರುವ ಸ್ನೇಹಿತರಿಗೆ ಕೊಡುವುದಾದರೆ ಬೀಜದ ದಾರಿ ಹಿಡಿಯಬೇಡಿ, ಮೊಳೆಯಲು ಎರಡು ವರ್ಷವೇ ಹಿಡಿಯಬಹುದು. ಜೂನ್‌ನಲ್ಲಿ ಕೆಳಗಿನ ಒಂದು ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ, ತಳಬದಿಯಲ್ಲಿ ಸ್ವಲ್ಪ ಗೀರಿ, ಮಣ್ಣು ಮುಚ್ಚಿ ಮೇಲೊಂದು ಇಟ್ಟಿಗೆ ಇಡಿ. ಮುಂದಿನ ವಸಂತಕ್ಕೆ ಬೇರು ಬಂದಿದ್ದರೆ ಕತ್ತರಿಸಿ ಕುಂಡಕ್ಕೆ ಹಾಕಿ, ಬಂದಿಲ್ಲದಿದ್ದರೆ ಇನ್ನೊಂದು ಬೇಸಿಗೆ ಬಿಡಿ. ಕಸಿ ಗಿಡದಿಂದ ಹೀಗೆ ಮಾಡಿದ ಮರಿ ತನ್ನದೇ ಬೇರಿನ ಮೇಲೆ ನಿಲ್ಲುವುದರಿಂದ ಆ ಬುಡದ ಚಿಗುರಿನ ಕಾಟವೂ ಇರುವುದಿಲ್ಲ. ಹೊಸ ತಳಿಗಳ ಚೀಟಿಯ ಮೇಲೆ ಪೇಟೆಂಟ್ ಸಂಖ್ಯೆ ಇದ್ದರೆ ಮರಿ ಮಾಡುವ ಹಾಗಿಲ್ಲ. ಜಡ್, ಶಾಸ್ತಾದಂಥ ಹಳೆಯವಕ್ಕೆ ಆ ತೊಡಕಿಲ್ಲ.