ಪುಣೆಯ ಪ್ಲಾಟಿನಲ್ಲಿ ಕಳೆನಾಶಕ: ನಾನು ಆರಿಸಿದ ಬಗೆ

"ಒಂದೇ ಸಲ ಹೊಡೆದರೆ ವರ್ಷಗಟ್ಟಲೆ ಹುಲ್ಲು ಹುಟ್ಟಬಾರದು. ಅಂಥ ಔಷಧದ ಹೆಸರು ಹೇಳಿ." ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿ ಪ್ಲಾಟಿನ ಮಾತು ತೆಗೆದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೋಥ್ರೂಡಿನಲ್ಲೋ ಚಿಂಚವಾಡದಲ್ಲೋ ಫ್ಲ್ಯಾಟು, ಮುಳಶಿ, ಭೋರ್, ತಳೇಗಾವ್ ಕಡೆ ಹತ್ತು ಗುಂಟೆ ಜಾಗ. ಹೋಗುವುದು ಭಾನುವಾರ ಮಾತ್ರ. ಜೂನ್ ಮಳೆ ಶುರುವಾಯಿತೆಂದರೆ ಗೇಟು ತೆಗೆಯಲೂ ಆಗದಷ್ಟು ಕಸ ಬೆಳೆದಿರುತ್ತದೆ.

ನನ್ನ ಜಾಗ ಮುಳಶಿ ಕಡೆಯ ಪೌಡ್ ಊರು ದಾಟಿದ ಮೇಲೆ, ಇಳಿಜಾರಿನಲ್ಲಿದೆ. ಮೇಲ್ಗಡೆ ಕಾರು ನಿಲ್ಲಿಸುವ ಜಾಗ. ನಡುವೆ ಮಾವು, ಚಿಕ್ಕು, ಕರಿಬೇವು. ಕೆಳಗೆ ಬೋರ್‌ವೆಲ್, ಅದರಾಚೆ ಹಳ್ಳ. ಇಷ್ಟು ಯಾಕೆ ಹೇಳಿದೆ ಅಂದರೆ, ಕಳೆನಾಶಕ ಆರಿಸುವಾಗ ಬಾಟಲಿಯ ಹೆಸರಿಗಿಂತ ಈ ನಕ್ಷೆಯೇ ನನಗೆ ಜಾಸ್ತಿ ಕೆಲಸಕ್ಕೆ ಬಂತು. ಬಹಳ ದಿನ ಕೆಲಸ ಮಾಡುವ ಔಷಧ ಅಂದರೆ ಬಹಳ ದಿನ ಮಣ್ಣಲ್ಲಿ ಉಳಿಯುವ ಔಷಧ. ಅದು ಹುಲ್ಲಿನ ಬೇರು ಯಾವುದು, ಮಾವಿನ ಬೇರು ಯಾವುದು ಅಂತ ನೋಡುವುದಿಲ್ಲ.

ಮೊದಲು ಮಾಡಿದ್ದು ಕಸದ ಪರಿಚಯ. ನಮ್ಮಲ್ಲಿ ಇದ್ದದ್ದು ಮುಖ್ಯವಾಗಿ ಮೂರು. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಇಲ್ಲಿಯವರ ಗಾಜರ್ ಗವತ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿ ದಾಖಲಿಸಿದ್ದು 1955ರಲ್ಲಿ, ಇದೇ ಪುಣೆಯಲ್ಲಿ. ಹಾಗಾಗಿ ಈ ಊರಿನಲ್ಲಿ ಅದಕ್ಕೆ ನಮಗಿಂತ ಹಳೆಯ ಹಕ್ಕಿದೆ! ಎರಡನೆಯದು ಗರಿಕೆ. ಮೂರನೆಯದು ಜೇಕು, ನೆಲದೊಳಗೆ ಗಡ್ಡೆಗಳ ಸರಪಳಿ ಕಟ್ಟಿಕೊಂಡು ಕೂರುವ ಕಳೆ.

ಈ ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಪಾರ್ಥೇನಿಯಂ ಬದುಕುವುದು ಬೀಜದ ಮೇಲೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅವು ವರ್ಷಗಟ್ಟಲೆ ಮಣ್ಣಲ್ಲಿ ಜೀವ ಹಿಡಿದಿರುತ್ತವೆ. ಆದರೆ ಗಿಡವನ್ನು ಕೊಲ್ಲುವುದು ಸುಲಭ. ಗರಿಕೆ ಮತ್ತು ಜೇಕು ಇದಕ್ಕೆ ತದ್ವಿರುದ್ಧ. ಮೇಲೆ ಎಷ್ಟು ಸುಟ್ಟರೂ ಕೆಳಗಿನಿಂದ ಮತ್ತೆ ಬರುತ್ತವೆ. ಜೇಕನ್ನು ಗುದ್ದಲಿಯಿಂದ ಅಗೆದರಂತೂ ಸರಪಳಿ ತುಂಡಾಗಿ, ಸುಮ್ಮನೆ ಮಲಗಿದ್ದ ಗಡ್ಡೆಗಳೂ ಚಿಗುರುತ್ತವೆ.

ಇಷ್ಟು ತಿಳಿದುಕೊಂಡು ಕೃಷಿ ಸೇವಾ ಕೇಂದ್ರಕ್ಕೆ ಹೋದೆ. ತಣನಾಶಕ (ಕಳೆನಾಶಕಕ್ಕೆ ಮರಾಠಿ ಹೆಸರು) ಅಂದ ಕೂಡಲೆ ಅಂಗಡಿಯವನು ಮುಂದಿಟ್ಟದ್ದು ಪ್ಯಾರಾಕ್ವಾಟ್. "ಬೆಳಿಗ್ಗೆ ಹೊಡೆಯಿರಿ, ಸಂಜೆಗೆ ಸುಟ್ಟಿರುತ್ತದೆ" ಅಂದ. ಅದು ಸುಳ್ಳಲ್ಲ. ಆದರೆ ಅದು ತಾಗಿದ ಎಲೆಯನ್ನಷ್ಟೇ ಸುಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಗರಿಕೆ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ. ನಾನು ಬೇಡ ಅಂದದ್ದಕ್ಕೆ ದೊಡ್ಡ ಕಾರಣ ಬೇರೆ. ಸ್ವಲ್ಪ ಹೊಟ್ಟೆಗೆ ಹೋದರೂ ಜೀವ ಹೋಗಬಹುದು, ಅದಕ್ಕೆ ಪ್ರತಿವಿಷವೇ ಇಲ್ಲ. ಸ್ವಿಟ್ಜರ್ಲೆಂಡ್ 1989ರಲ್ಲೇ ಅದನ್ನು ನಿಷೇಧಿಸಿತು. ಕಾವಲಿನವನ ಮಕ್ಕಳು ಆಡುವ ಜಾಗಕ್ಕೆ ಅಂಥದ್ದನ್ನು ತರುವ ಮಾತೇ ಇಲ್ಲ.

ಎರಡನೆಯದಾಗಿ ತೋರಿಸಿದ್ದು 2,4-ಡಿ. ಅಗಲ ಎಲೆಯ ಕಳೆಗೆ ಒಳ್ಳೆಯದು, ಪಾರ್ಥೇನಿಯಂ ಸಾಯುತ್ತದೆ, ಹುಲ್ಲು ಉಳಿಯುತ್ತದೆ. ಲಾನ್ ಇರುವವರಿಗೆ ಅದೇ ಬೇಕಾದದ್ದು. ಆದರೆ ಅದರ ಈಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ಗಾಳಿಯಲ್ಲಿ ಪಕ್ಕದ ಜಾಗಕ್ಕೂ ಹೋಗುತ್ತದೆ. ಟೊಮ್ಯಾಟೊ, ದ್ರಾಕ್ಷಿ, ಹತ್ತಿ ಇವಕ್ಕೆ ಅದು ಸ್ವಲ್ಪ ಸೋಕಿದರೂ ಎಲೆ ಮುರುಟಿಕೊಳ್ಳುತ್ತದೆ. ನಮ್ಮ ಬೇಲಿಯಾಚೆ ಒಬ್ಬರು ಟೊಮ್ಯಾಟೊ ಬೆಳೆಯುತ್ತಾರೆ. ಅವರ ಜೊತೆ ಜಗಳ ಯಾರಿಗೆ ಬೇಕು? ಬಳಸಲೇಬೇಕು ಅನ್ನುವವರು ಅಮೈನ್ ಲವಣದ ರೂಪ ತೆಗೆದುಕೊಳ್ಳಿ. ಅದು ಇಷ್ಟು ಹಾರುವುದಿಲ್ಲ.

ಉಳಿದದ್ದು ಗ್ಲೈಫೋಸೇಟ್. ರೌಂಡಪ್, ಗ್ಲೈಸೆಲ್ ಅಂತೆಲ್ಲ ಹೆಸರಿದ್ದರೂ ಸಾಮಾನ್ಯವಾಗಿ ಒಳಗಿರುವುದು 41 ಪರ್ಸೆಂಟಿನ ಅದೇ ದ್ರಾವಣ. ಹಸಿರು ಎಲೆಯ ಮೂಲಕ ಒಳಹೊಕ್ಕು ಬೇರಿನವರೆಗೆ ಇಳಿಯುತ್ತದೆ. ಗಿಡ ತನಗೆ ಬೇಕಾದ ಅಮೈನೋ ಆಮ್ಲ ಮಾಡಿಕೊಳ್ಳುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಗಿಡ ನಿಧಾನವಾಗಿ ಹಳದಿಯಾಗಿ ಸಾಯುತ್ತದೆ. ಆದರೆ ಇದು ಮಣ್ಣಿಗೆ ಬಿದ್ದ ಮೇಲೆ ಕಣಗಳಿಗೆ ಅಂಟಿಕೊಂಡು ಸುಮ್ಮನಾಗಿಬಿಡುತ್ತದೆ. ಮುಂದೆ ಮೊಳೆಯುವ ಬೀಜಕ್ಕೆ ಏನೂ ಮಾಡುವುದಿಲ್ಲ. ಅಂದರೆ ಗರಿಕೆಗೆ ಇದು ಬಹುಕಾಲದ ಪರಿಹಾರ. ಪಾರ್ಥೇನಿಯಂ ಬೀಜಕ್ಕೆ ಅಲ್ಲವೇ ಅಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಕಾನೂನಿನ ಒಂದು ಮಾತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಗ್ಲೈಫೋಸೇಟನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳ ಮೂಲಕವೇ ಬಳಸಬೇಕು ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತ್ತು. ಅಮೆರಿಕದ ಪರಿಸರ ಸಂಸ್ಥೆ ಅದನ್ನು ಒಪ್ಪಿಲ್ಲ. ಜಗಳ ನಡೆದೇ ಇದೆ. ನಾನು ಅದರಲ್ಲಿ ಪಕ್ಷ ವಹಿಸದೆ ಲೈಸೆನ್ಸ್ ಇರುವ ಆಪರೇಟರನ್ನೇ ಕರೆಸಿದೆ. ಲೈಸೆನ್ಸ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಸರಿಯಾದವರು ತಾವಾಗಿಯೇ ತೋರಿಸುತ್ತಾರೆ.

ಹಣ ಕೊಟ್ಟು ಕರೆಸಿದ ಮೇಲೂ ಪಕ್ಕದಲ್ಲಿ ನಿಂತು ನೋಡುವುದು ಬಹಳ ಇದೆ. ಬಂದ ಹುಡುಗರು ಹಿಂದಿನ ಸೀಟಿನಲ್ಲಿ ಮಿಸ್ಟ್ ಬ್ಲೋವರ್ ತಂದಿದ್ದರು. ಅದು ಮಂಜಿನಂತೆ ಹಾರಿಸುವ ಯಂತ್ರ, ಕೀಟನಾಶಕಕ್ಕೆ ಸರಿ. ಕಳೆನಾಶಕಕ್ಕೆ ಬೇಡ ಅಂದೆ. ಕೈಪಂಪು, ಬೀಸಣಿಗೆಯಂತೆ ಅಗಲವಾಗಿ ಸಿಂಪಡಿಸುವ ಫ್ಲ್ಯಾಟ್ ಫ್ಯಾನ್ ನಾಝಲ್, ಕಡಿಮೆ ಒತ್ತಡ, ನಾಝಲ್ ಸುತ್ತ ಪ್ಲಾಸ್ಟಿಕ್ಕಿನ ಹುಡ್. ಹನಿ ದಪ್ಪ ಇದ್ದಷ್ಟೂ ಗಾಳಿಗೆ ಹಾರುವುದು ಕಡಿಮೆ. ಮಾವಿನ ಹಸಿರು ತೊಗಟೆಯ ಸಸಿಗಳಿಗೆ ಗೋಣಿಚೀಲ ಸುತ್ತಿದೆವು. ಬಾಳೆ, ಪಪಾಯ ಇದ್ದರೆ ಇನ್ನೂ ದೂರ ಇರಬೇಕು.

ಆಮೇಲೆ ನೀರು. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ಅರ್ಧ ಫಲಿತಾಂಶ ಇಲ್ಲೇ ಇದೆ. ನಮ್ಮ ಬೋರಿನ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದೆ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಗ್ಲೈಫೋಸೇಟನ್ನು ಹಿಡಿದುಕೊಂಡುಬಿಡುತ್ತವೆ. ಹಳ್ಳದ ಕೆಸರು ನೀರು ಇನ್ನೂ ಕೆಟ್ಟದ್ದು. ಮಣ್ಣಿಗೆ ಅಂಟುವ ಔಷಧ ಅಲ್ವಾ, ಟ್ಯಾಂಕಿನಲ್ಲೇ ಅಂಟಿಕೊಂಡು ಮುಗಿಯುತ್ತದೆ. ಅದಕ್ಕೆ ಚಾವಣಿಯಿಂದ ಹಿಡಿದಿಟ್ಟ ಮಳೆನೀರು ಕೊಟ್ಟೆ. ಮಳೆನೀರು ಇಲ್ಲದವರು ಔಷಧ ಹಾಕುವ ಮೊದಲು ನೀರಿಗೆ ಅಮೋನಿಯಂ ಸಲ್ಫೇಟ್ ಕರಗಿಸಿಕೊಳ್ಳಬಹುದು, ಲೀಟರಿಗೆ 10ರಿಂದ 20 ಗ್ರಾಂ.

ಗ್ಲೈಫೋಸೇಟ್ ಪ್ರಮಾಣದ ಲೆಕ್ಕ ಹೀಗೆ. ಹೆಕ್ಟೇರಿಗೆ 3 ಲೀಟರ್ ಅಂದರೆ ಒಂದು ಗುಂಟೆಗೆ ಸುಮಾರು 30 ಮಿಲಿ, ನಾಲ್ಕೈದು ಲೀಟರ್ ನೀರಿನಲ್ಲಿ. ಗುಂಟೆ ಅಂದರೆ 1089 ಚದರ ಅಡಿ, ಹೆಚ್ಚುಕಡಿಮೆ ನೂರು ಚದರ ಮೀಟರ್. ಹಾಗಾಗಿ ಲೇಬಲ್ಲಿನ ಹೆಕ್ಟೇರ್ ಅಂಕಿಯನ್ನು ನೂರರಿಂದ ಭಾಗಿಸಿದರೆ ಆಯಿತು. ಮೊದಲು ಬರೀ ನೀರು ತುಂಬಿ ಒಂದು ಗುಂಟೆ ಹೊಡೆಸಿ ನೋಡಿ. ಎಷ್ಟು ಲೀಟರ್ ಖರ್ಚಾಯಿತು ಅಂತ ಗೊತ್ತಾಗುತ್ತದೆ. ಒಬ್ಬೊಬ್ಬರ ನಡಿಗೆ ಒಂದೊಂದು ಥರ. ಕಣ್ಣಂದಾಜಿನಲ್ಲಿ ಮುಚ್ಚಳದಿಂದ ಸುರಿಯುವವರನ್ನು ನಾನಂತೂ ನಂಬುವುದಿಲ್ಲ.

ಸಮಯಕ್ಕೆ ನಾನು ಆರಿಸಿದ್ದು ಆಗಸ್ಟ್ ಕೊನೆಯ ನಂತರ ಮಳೆ ಬಿಡುವು ಕೊಡುವ ಹೊತ್ತು. ಗರಿಕೆ, ಜೇಕು ಆಗ ಚೆನ್ನಾಗಿ ಬೆಳೆದಿರುತ್ತವೆ, ಆಹಾರವನ್ನು ಬೇರಿಗೆ, ಗಡ್ಡೆಗೆ ಇಳಿಸುತ್ತಿರುತ್ತವೆ. ಔಷಧವೂ ಅದರ ಜೊತೆ ಇಳಿಯುತ್ತದೆ. ಸಿಂಪಡಿಸಿದ ಮೇಲೆ ಆರು ಗಂಟೆ ಮಳೆ ಬರಬಾರದು. ಮುಳಶಿ ಕಡೆ ಇಂಥ ಹೊತ್ತು ಹುಡುಕುವುದೇ ಒಂದು ಕೆಲಸ. ಹೊಡೆಯುವ ಮೊದಲು ಹುಲ್ಲು ಕೊಯ್ಯಿಸಬೇಡಿ. ಎಲೆಯೇ ಇಲ್ಲದಿದ್ದರೆ ಔಷಧ ಒಳಗೆ ಹೋಗುವುದು ಎಲ್ಲಿಂದ? ಹೊಡೆದ ಮೇಲೂ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಮೊದಲ ವಾರ ಏನೂ ಆಗಿಲ್ಲ ಅನಿಸುತ್ತದೆ. ಮೂರನೆಯ ವಾರದ ಹೊತ್ತಿಗೆ ಪೂರ್ತಿ ಕಂದಾಗುತ್ತದೆ.

ಇನ್ನು ಬೀಜದ ಕಥೆ. ಇಲ್ಲೇ "ಲಾಂಗ್ ಲಾಸ್ಟಿಂಗ್" ಅನ್ನುವ ಆಸೆ ಜನರನ್ನು ಡೈಯುರಾನ್, ಅಟ್ರಾಜಿನ್ ಕಡೆ ಎಳೆಯುತ್ತದೆ. ಇವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಮೊಳಕೆಯನ್ನು ಕೊಲ್ಲುತ್ತವೆ. ನಿಜವಾಗಿಯೂ ಕೆಲಸ ಮಾಡುತ್ತವೆ, ಅದೇ ತೊಂದರೆ. ಮಳೆನೀರಿನ ಜೊತೆ ಇಳಿಜಾರಿಗೆ ಹರಿದರೆ ಕೆಳಗಿನ ಮರದ ಬೇರಿಗೂ ಹೋಗುತ್ತವೆ. ಅಟ್ರಾಜಿನ್ ಅಂತರ್ಜಲಕ್ಕೆ ಸೇರುತ್ತದೆ ಅನ್ನುವ ಕಾರಣಕ್ಕೇ ಯುರೋಪಿನಲ್ಲಿ ಅದು ನಿಂತದ್ದು. ನನ್ನ ಬೋರ್‌ವೆಲ್ ಇಳಿಜಾರಿನ ಕೆಳಗಿದೆ. ಲೆಕ್ಕ ಅಲ್ಲಿಗೇ ಮುಗಿಯಿತು.

ಹಾಗಾಗಿ ಜಾಗವನ್ನೇ ಭಾಗ ಮಾಡಿದೆ. ಕಾರು ನಿಲ್ಲುವ ಜಾಗ ಮತ್ತು ಗೇಟಿನ ದಾರಿ ಸಮತಟ್ಟು, ಮರದಿಂದ ದೂರ. ಅಲ್ಲಿ ಮಾತ್ರ ಪೆಂಡಿಮೆಥಾಲಿನ್, 30 ಪರ್ಸೆಂಟಿನದು. ಇದು ನೀರಿನ ಜೊತೆ ಸುಲಭವಾಗಿ ಇಳಿಯುವುದಿಲ್ಲ, ಮೇಲ್ಮಣ್ಣಿನಲ್ಲೇ ಹಾಲಿನ ಕೆನೆಯ ಹಾಗೆ ಒಂದು ಪದರ ಕಟ್ಟಿಕೊಂಡು ನಿಲ್ಲುತ್ತದೆ. ಆ ಪದರದಲ್ಲಿ ಮೊಳೆತ ಬೀಜ ಮೇಲೆ ಬರುವುದಿಲ್ಲ. ಹೆಕ್ಟೇರಿಗೆ 3.3 ಲೀಟರ್, ಅಂದರೆ ಗುಂಟೆಗೆ 33 ಮಿಲಿ. ಜೂನ್‌ನ ಮೊದಲ ಒಳ್ಳೆಯ ಮಳೆ ಬಿದ್ದು ನೆಲ ಒದ್ದೆಯಾದ ಮೇಲೆ, ಮೊಳಕೆ ಕಾಣುವ ಮೊದಲು ಹೊಡೆಯಬೇಕು. ಮೊಳಕೆ ಬಂದ ಮೇಲೆ ಹೊಡೆದರೆ ದುಡ್ಡು ದಂಡ. ಆಮೇಲೆ ಆ ನೆಲವನ್ನು ಕೆದಕಬಾರದು. ಎರಡು-ಮೂರು ತಿಂಗಳ ಮಾತು ಇದು, ಮಳೆಗಾಲಕ್ಕೆ ಅಷ್ಟು ಸಾಕು. ಬಟ್ಟೆಗೆ ಬಿದ್ದರೆ ಹಳದಿ ಕಲೆ ಹೋಗುವುದಿಲ್ಲ. ಮೀನಿಗೆ ವಿಷ, ಆದ್ದರಿಂದ ಹಳ್ಳದ ಹತ್ತಿರ ಬೇಡವೇ ಬೇಡ.

ಮರಗಳ ನಡುವೆ ನೇಯ್ದ ವೀಡ್ ಮ್ಯಾಟ್, ಅಂದರೆ ಕಳೆ ತಡೆಯುವ ಹಾಸು, ಹಾಸಿ ಅದರ ಮೇಲೆ ಮುರೂಮ್ (ಗರಸು ಮಣ್ಣು) ಹರಡಿಸಿದೆ. ಕಡಿಮೆ ಬೆಲೆಯ ತೆಳು ಪ್ಲಾಸ್ಟಿಕ್ ಬೇಡ. ಬಿಸಿಲಿಗೆ ತಡೆಯುವ, 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಕ) ಅಥವಾ ಅದಕ್ಕಿಂತ ದಪ್ಪದ್ದು ತೆಗೆದುಕೊಳ್ಳಿ. ಔಷಧಕ್ಕಿಂತ ಖರ್ಚು ಜಾಸ್ತಿ, ಒಪ್ಪುತ್ತೇನೆ. ಆದರೆ ವರ್ಷಗಟ್ಟಲೆ ಅಂತ ಕೇಳಿದಿರಲ್ಲ, ಆ ಪದಕ್ಕೆ ಹೊಂದುವುದು ನನಗೆ ಸಿಕ್ಕದ್ದು ಇದೊಂದೇ. ಬೋರ್‌ವೆಲ್ ಸುತ್ತ ಯಾವ ಔಷಧವೂ ಇಲ್ಲ, ಬ್ರಶ್ ಕಟರ್ ಮಾತ್ರ.

ಬೇಲಿಯ ಉದ್ದಕ್ಕೂ ಬರುವ ಪಾರ್ಥೇನಿಯಂ ಕೈಯಿಂದಲೇ ಕೀಳಿಸುತ್ತೇನೆ, ಹೂ ಬಿಡುವ ಮೊದಲು, ಮಣ್ಣು ಹಸಿ ಇರುವಾಗ. ಗ್ಲೌಸ್ ಇಲ್ಲದೆ ಮುಟ್ಟಬಾರದು, ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ಜೀರುಂಡೆ ಮಳೆಗಾಲದಲ್ಲಿ ಇದರ ಎಲೆ ತಿನ್ನುತ್ತದೆ. ಅದು ಕಂಡ ಗಿಡಕ್ಕೆ ಔಷಧ ಹೊಡೆಸಬೇಡಿ, ಅದರ ಪಾಡಿಗೆ ಬಿಡಿ. ಉಪ್ಪಿನ ನೀರು ಸುರಿಯಿರಿ ಅಂತ ಬಹಳ ಜನ ಹೇಳಿದರು. ಗಾಢವಾದ ಉಪ್ಪುನೀರಿಗೆ ಪಾರ್ಥೇನಿಯಂ ಸಾಯುವುದು ನಿಜ. ಆದರೆ ಉಪ್ಪು ಮಣ್ಣನ್ನೂ ಗೋಡೆಯ ಸಿಮೆಂಟನ್ನೂ ತಿನ್ನುತ್ತದೆ. ಅಡಿಗೆಮನೆಯ ವಿನೆಗರ್ ಎಳೆ ಎಲೆ ಸುಡುತ್ತದೆ, ಅಷ್ಟೇ.

ಜೇಕು ಇನ್ನೂ ಪೂರ್ತಿ ಹೋಗಿಲ್ಲ. ಗ್ಲೈಫೋಸೇಟ್ ಎಲೆ ಬಿಟ್ಟ ಗಡ್ಡೆಯನ್ನು ಕೊಲ್ಲುತ್ತದೆ, ಮಲಗಿದ ಗಡ್ಡೆ ಉಳಿಯುತ್ತದೆ. ಮತ್ತೆ ಚಿಗುರಿದ ಕಡೆ ಮತ್ತೆ ಮುಟ್ಟಿಸಬೇಕು. ಕಬ್ಬಿನವರು ಇದಕ್ಕೆ ಹ್ಯಾಲೋಸಲ್ಫ್ಯೂರಾನ್ ಬಳಸುತ್ತಾರೆ, ಸೆಂಪ್ರಾ ಅಂತ ಸಿಗುತ್ತದೆ. ಎಕರೆಗೆ 36 ಗ್ರಾಂ, ಅಂದರೆ ಗುಂಟೆಗೆ ಒಂದು ಗ್ರಾಮಿಗೂ ಕಡಿಮೆ. ಅಕ್ಕಸಾಲಿಗನ ತಕ್ಕಡಿಯೇ ಬೇಕು! ಅಷ್ಟು ಚಿಕ್ಕ ಅಳತೆಯಲ್ಲಿ ತಪ್ಪು ಆಗುವುದೇ ಜಾಸ್ತಿ ಅಂತ ನಾನು ಅದರ ಗೋಜಿಗೆ ಹೋಗಿಲ್ಲ.

ಉಳಿದ ಪೆಂಡಿಮೆಥಾಲಿನ್ ಅದರದೇ ಬಾಟಲಿಯಲ್ಲಿ, ಲೇಬಲ್ ಸಮೇತ, ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ನೀರಿನ ಬಾಟಲಿಗೆ ಯಾವತ್ತೂ ಸುರಿದಿಡಬೇಡಿ. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ ಸಿಂಪಡಿಸಿ, ಡಬ್ಬಿಗೆ ತೂತು ಹೊಡೆದುಬಿಡಿ. ಇಲ್ಲದಿದ್ದರೆ ಯಾರೋ ಅದರಲ್ಲಿ ಸೀಮೆಎಣ್ಣೆಯೋ ಕುಡಿಯುವ ನೀರೋ ತುಂಬುತ್ತಾರೆ. ಕಳೆನಾಶಕದ ಪಂಪಿಗೆ ಕೆಂಪು ಬಣ್ಣ ಹಚ್ಚಿಟ್ಟಿದ್ದೇನೆ. ಅದರಲ್ಲಿ ಗಿಡಗಳಿಗೆ ಬೇರೆ ಏನನ್ನೂ ಹೊಡೆಯುವ ಹಾಗಿಲ್ಲ ಅಂತ ಕಾವಲಿನವನಿಗೆ ಹೇಳಿದ್ದೇನೆ.